ಬೆಳಗಿನ ಎಂಟು ಗಂಟೆಯ ಜಗಳ: ಒಂದು ಲ್ಯಾಬಿನ ಪ್ರಕರಣ ಅಧ್ಯಯನ

ಜಗಳ ಶುರುವಾಗಿದ್ದು ಒಂದು ಕೆಂಪು ಟ್ಯೂಬಿನಿಂದ. ಕನಿಷ್ಠ, ಶುರುವಾಗಿದ್ದು ಅಲ್ಲಿಂದ ಅಂತ ತುಂಬಾ ದಿನ ನಾನು ನಂಬಿದ್ದೆ.

ರಾತ್ರಿ ಪಾಳಿಯಲ್ಲಿ ಒಬ್ಬ ರೋಗಿಯ ಪೊಟ್ಯಾಸಿಯಂ 7.1 ಎಂದು ಬಂತು. ಸಾಮಾನ್ಯವಾಗಿ ಅದು ಲೀಟರಿಗೆ 3.5ರಿಂದ 5 ಮಿಲಿಮೋಲ್ ಒಳಗೆ ಇರುತ್ತದೆ. 7 ದಾಟಿದರೆ ಹೃದಯದ ಬಡಿತಕ್ಕೇ ಅಪಾಯ. ಹಾಗಾಗಿ ಪಾಳಿಯಲ್ಲಿದ್ದ ಟೆಕ್ನಿಷಿಯನ್ ನಿಯಮದ ಪ್ರಕಾರ ತಕ್ಷಣ ವಾರ್ಡಿಗೆ ಫೋನ್ ಮಾಡಿದರು. ಅಲ್ಲಿದ್ದ ಡಾಕ್ಟರಿಗೆ ಅನುಮಾನ ಬಂತು. ರೋಗಿ ಆರಾಮವಾಗಿದ್ದಾರೆ, ಇಸಿಜಿಯೂ ಸರಿ ಇದೆ. ಮತ್ತೆ ರಕ್ತ ತೆಗೆದು ಕಳಿಸಿದರು. ಎರಡನೇ ಸಲ ಬಂದದ್ದು 4.2. ರೋಗಿಗೆ ಏನೂ ಆಗಲಿಲ್ಲ.

ಬೆಳಗ್ಗೆ 8 ಗಂಟೆಗೆ ಬಂದ ಹಿರಿಯ ಟೆಕ್ನಿಷಿಯನ್ ಮೊದಲನೆಯ ಟ್ಯೂಬನ್ನು ಹುಡುಕಿ ತೆಗೆದರು. ಸೀರಂ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ದ್ರವ, ತಿಳಿ ಹಳದಿ ಇರಬೇಕಾದ ಕಡೆ ಕೆಂಪಗಿತ್ತು. ರಕ್ತ ತೆಗೆಯುವಾಗಲೋ ಸಾಗಿಸುವಾಗಲೋ ಕೆಂಪು ಕಣಗಳು ಒಡೆದುಹೋಗಿದ್ದವು. ಕಣದ ಒಳಗೆ ಪೊಟ್ಯಾಸಿಯಂ ಹೊರಗಿಗಿಂತ ಎಷ್ಟೋ ಪಟ್ಟು ಜಾಸ್ತಿ. ಒಡೆದರೆ ಅದೆಲ್ಲ ಸೀರಂಗೆ ಸೇರುತ್ತದೆ, ಸಂಖ್ಯೆ ಸುಳ್ಳಾಗಿ ಏರುತ್ತದೆ. ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತಿರುವ ಪಾಠ ಇದು. ಯಂತ್ರವೂ ಆ ಸ್ಯಾಂಪಲ್ಲಿನ ಪಕ್ಕ ಗುರುತು ಹಾಕಿತ್ತು. ರಾತ್ರಿ ಪಾಳಿಯ ಟೆಕ್ನಿಷಿಯನ್ ಗಡಿಬಿಡಿಯಲ್ಲಿ ಅದನ್ನು ನೋಡಿರಲಿಲ್ಲ. ಆಕೆ ಆಗ ಮನೆಗೆ ಹೊರಡುವುದರಲ್ಲಿದ್ದರು.

ಹಿರಿಯರು ಟ್ಯೂಬನ್ನು ದೀಪಕ್ಕೆ ಹಿಡಿದು, ಐದು ಜನರ ಎದುರು ಹೇಳಿದ್ದು ಇಷ್ಟು: "ನೋಡಮ್ಮ, ಇದು ನಿನಗೆ ಕಾಣಿಸಲಿಲ್ವಾ? ಕಣ್ಣು ಮನೆಯಲ್ಲಿ ಬಿಟ್ಟು ಬಂದಿದ್ಯಾ?"

ಆಕೆ ಉತ್ತರ ಕೊಡಲಿಲ್ಲ. ಬ್ಯಾಗ್ ಎತ್ತಿಕೊಂಡು ಹೊರಟುಹೋದರು. ಮಧ್ಯಾಹ್ನ ನನ್ನ ಮೇಜಿನ ಮೇಲೆ ಎರಡು ಸಾಲಿನ ಪತ್ರ ಇತ್ತು. ಬೇರೆ ವಿಭಾಗಕ್ಕೆ ವರ್ಗ ಬೇಕು ಅಂತ.

ಯಾರು, ಎಲ್ಲಿ

ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಆದದ್ದನ್ನು ಬದಲಿಸಿಲ್ಲ. ಆಸ್ಪತ್ರೆಗೆ ಸೇರಿದ ಒಂದು ಲ್ಯಾಬ್, 11 ಜನರ ತಂಡ. ನಾನು ಅದರ ಜವಾಬ್ದಾರಿ ಹೊತ್ತು ಒಂದೂವರೆ ವರ್ಷವಾಗಿತ್ತು. ಹಿರಿಯರಿಗೆ ಅಲ್ಲೇ 22 ವರ್ಷದ ಅನುಭವ. ಯಂತ್ರದ ಸದ್ದು ಕೇಳಿಯೇ ಯಾವ ಪಂಪ್ ಕೈಕೊಡುತ್ತಿದೆ ಅಂತ ಹೇಳುವವರು. ಆಕೆ ಸೇರಿ ಮೂರು ವರ್ಷ. ಚುರುಕು, ಸ್ವಾಭಿಮಾನಿ, ರಾತ್ರಿ ಪಾಳಿಯನ್ನು ಒಬ್ಬರೇ ನಿಭಾಯಿಸುವಷ್ಟು ಗಟ್ಟಿ.

ಹಿರಿಯರ ಬಾಯಿ ಜೋರು ಅನ್ನುವುದು ಹಳೆಯ ಮಾತು. ನನಗೆ ಅಧಿಕಾರ ಒಪ್ಪಿಸಿ ಹೋದವರೂ ಹೇಳಿದ್ದರು, "ಕೆಲಸ ಚಿನ್ನ, ಸ್ವಭಾವ ಸ್ವಲ್ಪ ಹಾಗೆ. ಸಹಿಸಿಕೊಳ್ಳಿ." ನಾನು ಅದನ್ನು ಹಾಗೇ ನುಂಗಿಕೊಂಡಿದ್ದೆ. ಒಬ್ಬ ಮನುಷ್ಯನ ಬಗ್ಗೆ ಹೀಗೆ ಒಂದು ಚೀಟಿ ಅಂಟಿಸಿದ ಮೇಲೆ ಆಮೇಲೆ ನಡೆದಿದ್ದಕ್ಕೆಲ್ಲ ಕಾರಣ ಹುಡುಕುವ ಕೆಲಸವೇ ಇರುವುದಿಲ್ಲ. ಚೀಟಿಯೇ ಕಾರಣ.

ಮೊದಲು ಮಾಡಿದ್ದೆಲ್ಲ

ಮೊದಲನೆಯದಾಗಿ, ಏನೂ ಮಾಡಲಿಲ್ಲ. ಟ್ಯೂಬಿನ ಘಟನೆಗಿಂತ ಮುಂಚೆಯೇ ಸಣ್ಣಪುಟ್ಟ ಕಿರಿಕಿರಿ ನನ್ನ ಕಿವಿಗೆ ಬಿದ್ದಿದ್ದವು. ರಿಜಿಸ್ಟರ್ ಸರಿಯಾಗಿ ಬರೆದಿಲ್ಲ, ವೇಸ್ಟ್ ಡಬ್ಬಿ ಖಾಲಿ ಮಾಡಿಲ್ಲ, ಹೀಗೆ. ದೊಡ್ಡವರು, ಅವರವರೇ ಸರಿ ಮಾಡಿಕೊಳ್ಳುತ್ತಾರೆ ಅಂದುಕೊಂಡೆ. ನಿಜ ಹೇಳಬೇಕೆಂದರೆ ಹಿರಿಯರ ಎದುರು ಕೂತು ಮಾತಾಡುವುದಕ್ಕೆ ನನಗೇ ಅಳುಕು ಇತ್ತು.

ಪತ್ರ ಬಂದ ಮೇಲೆ ಇಬ್ಬರನ್ನೂ ಬೇರೆ ಬೇರೆ ಕರೆದು ಕೇಳಿಸಿಕೊಂಡೆ. ಇದರಲ್ಲಿ ನಾನು ಜಾಣ ಅಂತ ನನ್ನ ನಂಬಿಕೆ. ಆಕೆಗೆ ಹೇಳಿದೆ, "ಅವರು ಹಾಗೆ ಮಾತಾಡಬಾರದಿತ್ತು, ನಾನು ನೋಡಿಕೊಳ್ಳುತ್ತೇನೆ." ಹಿರಿಯರಿಗೆ ಹೇಳಿದೆ, "ನೀವು ಹೇಳಿದ ವಿಷಯ ಸರಿಯೇ ಇದೆ ಸರ್, ಹುಡುಗರಿಗೆ ಇನ್ನೂ ಅನುಭವ ಸಾಲದು." ಎರಡೂ ಸುಳ್ಳಲ್ಲ. ಇಬ್ಬರೂ ಸಮಾಧಾನವಾಗಿ ಎದ್ದು ಹೋದರು. ಆ ವಾರ ಇನ್ನೂ ನಾಲ್ಕು ಸಲ ಬಂದರು, ಸರದಿಯ ಮೇಲೆ.

ಎರಡನೇ ವಾರ ಗೊತ್ತಾಯಿತು. ಪಾಳಿ ಬದಲಾಗುವ ಹೊತ್ತಿನಲ್ಲಿ ಇಬ್ಬರೂ ನನ್ನ ಹೆಸರು ಹಿಡಿದು ಜಗಳ ಆಡುತ್ತಿದ್ದರು. "ಸರ್ ಕೂಡ ಹೇಳಿದ್ದಾರೆ ನಿಮ್ಮದೇ ತಪ್ಪು ಅಂತ." "ನನಗೂ ಹೇಳಿದ್ದಾರೆ, ನಿನಗೆ ಅನುಭವ ಇಲ್ಲ ಅಂತ." ನನ್ನ ಬಾಗಿಲು ಸದಾ ತೆರೆದಿರುತ್ತದೆ ಅಂತ ನಾನು ಬೀಗುತ್ತಿದ್ದೆ. ಆ ಬಾಗಿಲಿನಿಂದ ಇಬ್ಬರಿಗೂ ಮದ್ದುಗುಂಡು ಹೋಗುತ್ತಿತ್ತು. ಸ್ಟೀಫನ್ ಕಾರ್ಪ್‌ಮನ್ ಎಂಬ ಮನೋವೈದ್ಯರು 1968ರಲ್ಲಿ ಜಗಳಗಳ ಒಂದು ತ್ರಿಕೋನ ಬರೆದಿದ್ದರು. ಒಂದು ಮೂಲೆಯಲ್ಲಿ ಕಾಡುವವ, ಇನ್ನೊಂದರಲ್ಲಿ ನೊಂದವ, ಮೂರನೆಯದರಲ್ಲಿ ಕಾಪಾಡುವವ. ಮೂರನೆಯವನೂ ಆ ಆಟದ ಒಳಗೇ ಇರುತ್ತಾನೆ ಅನ್ನುವುದು ಅದರ ತಿರುಳು. ಅದನ್ನು ಓದಿ ಎಷ್ಟೋ ವರ್ಷ ಆಗಿತ್ತು. ನಾನೇ ಆ ಮೂಲೆಯಲ್ಲಿ ನಿಂತಿದ್ದಾಗ ಹೊಳೆಯಲಿಲ್ಲ.

ಆಮೇಲೆ ಕಟ್ಟುನಿಟ್ಟಾಗಲು ಹೋದೆ. ಹಿರಿಯರಿಗೆ ಮೆಮೊ ಕೊಟ್ಟೆ. ಸಹೋದ್ಯೋಗಿಗಳ ಜೊತೆ ಗೌರವದಿಂದ ಮಾತಾಡಬೇಕು, ಇಲ್ಲವಾದರೆ ಕ್ರಮ. ಅವರು ಓದಿ, ಸಹಿ ಹಾಕಿ, "ಆಯ್ತು ಸರ್" ಅಂದರು. ಮರುದಿನದಿಂದ ಬಾಯಿ ಬಿಡಲಿಲ್ಲ. ಲ್ಯಾಬ್ ಶಾಂತವಾಯಿತು. ನಾನು ಗೆದ್ದೆ ಅಂದುಕೊಂಡೆ.

ಹತ್ತು ದಿನ ಕಳೆಯಿತು. ಹಗಲಿನಲ್ಲಿ ಕ್ಯಾಲ್ಸಿಯಂ ಪರೀಕ್ಷೆಗೆ ಬಳಸುವ ರಾಸಾಯನಿಕದ (ರೀಏಜೆಂಟ್) ಹೊಸ ಲಾಟ್ ಹಾಕಿದ್ದರು. ಲಾಟ್ ಬದಲಾದರೆ ಯಂತ್ರವನ್ನು ಮತ್ತೆ ಕ್ಯಾಲಿಬ್ರೇಟ್ ಮಾಡಿ, ಅಂದರೆ ಅದರ ಅಳತೆ ಸರಿಹೊಂದಿಸಿ, ನೋಡಬೇಕು. ಇಂಥದ್ದನ್ನು ಹಿರಿಯರು ಯಾವಾಗಲೂ ಬಾಯಲ್ಲಿ ಹೇಳಿ ಹೋಗುತ್ತಿದ್ದರು. ಈ ಸಲ ರಿಜಿಸ್ಟರಿನಲ್ಲಿ ಒಂದೇ ಪದ ಬರೆದಿದ್ದರು: "ಬದಲಾಗಿದೆ." ಏನು ಬದಲಾಗಿದೆ? ರಾತ್ರಿ ಕಂಟ್ರೋಲ್, ಅಂದರೆ ಯಂತ್ರ ಸರಿಯಿದೆಯಾ ಅಂತ ನೋಡಲು ಓಡಿಸುವ ಬೆಲೆ ಗೊತ್ತಿರುವ ಸ್ಯಾಂಪಲ್, ಸತತ ಎರಡು ಸಲ ಕೆಳಗಡೆ ಮಿತಿ ದಾಟಿತು. ಆಕೆ ಕ್ಯಾಲ್ಸಿಯಂ ರಿಪೋರ್ಟುಗಳನ್ನು ಬೆಳಗಿನವರೆಗೆ ತಡೆದರು. ತಡೆದದ್ದೇ ಸರಿ. ಆದರೆ ವಾರ್ಡಿನವರ ಬೈಗುಳ ತಿಂದವರು ಆಕೆ. "ಚೆನ್ನಾಗಿ ಮಾಡಿದಿರಿ" ಅಂತ ಹೇಳಬೇಕಾಗಿದ್ದ ನಾನು ಹೇಳಲಿಲ್ಲ. ನಾನು ಹಿರಿಯರ ಕೂಗನ್ನು ನಿಲ್ಲಿಸಿದ್ದೆ, ಅದರ ಜೊತೆಗೆ 22 ವರ್ಷದ ಮಾಹಿತಿಯನ್ನೂ ನಿಲ್ಲಿಸಿದ್ದೆ.

ಕೊನೆಗೆ ಇಬ್ಬರೂ ಎದುರಾಗದ ಹಾಗೆ ಡ್ಯೂಟಿ ಚಾರ್ಟ್ ಬದಲಿಸಿದೆ. ಆಕೆ ಮಧ್ಯಾಹ್ನದ ಪಾಳಿಗೆ ಬಂದರು. ರಾತ್ರಿಗೆ ಹಾಕಿದ್ದು ನಮ್ಮಲ್ಲೇ ಅತ್ಯಂತ ಸಮಾಧಾನದ ಮನುಷ್ಯನನ್ನು. ಯಾರ ಜೊತೆಗೂ ದನಿ ಏರಿಸಿದ್ದನ್ನು ನಾವು ಕಂಡಿರಲಿಲ್ಲ.

ಹನ್ನೆರಡನೇ ದಿನ ಬೆಳಗ್ಗೆ ಆ ಸಮಾಧಾನದ ಮನುಷ್ಯ ರಿಜಿಸ್ಟರನ್ನು ಮೇಜಿನ ಮೇಲೆ ಎಸೆದು, "ನಾನೇನು ನಿಮ್ಮ ಮನೆ ಆಳಾ?" ಅಂದರಂತೆ.

ಜಗಳಕ್ಕೂ ಒಂದು ಚಾರ್ಟ್

ಅವತ್ತು ಮಧ್ಯಾಹ್ನ ನಾನು ಸುಮ್ನೆ ಕೂತಿದ್ದೆ. ಎದುರಿನ ಗೋಡೆಯ ಮೇಲೆ ಕಂಟ್ರೋಲ್ ಚಾರ್ಟ್ ನೇತಾಡುತ್ತಿತ್ತು. ಲ್ಯಾಬಿನವರಿಗೆ ಇದು ದಿನವೂ ನೋಡುವ ಮುಖ. 1950ರಲ್ಲಿ ಲೆವಿ ಮತ್ತು ಜೆನ್ನಿಂಗ್ಸ್ ಎಂಬಿಬ್ಬರು ಕಾರ್ಖಾನೆಯ ಗುಣಮಟ್ಟದ ಚಾರ್ಟನ್ನು ರಕ್ತ ಪರೀಕ್ಷೆಗೆ ತಂದರು. ದಿನಾ ಗೊತ್ತಿರುವ ಒಂದು ಸ್ಯಾಂಪಲ್ ಓಡಿಸುತ್ತೇವೆ, ಬಂದ ಬೆಲೆಯನ್ನು ಚುಕ್ಕಿಯಾಗಿ ಇಡುತ್ತೇವೆ. ಒಂದು ಚುಕ್ಕಿ ಸ್ವಲ್ಪ ಆಚೆ ಹೋದರೆ ಗಾಬರಿ ಬೀಳುವುದಿಲ್ಲ, ಎಚ್ಚರವಾಗುತ್ತೇವೆ. ಸತತ ಎರಡು ಚುಕ್ಕಿ ಒಂದೇ ಕಡೆಗೆ ಎರಡು ಎಸ್‌ಡಿ (ಸರಾಸರಿಯ ಸುತ್ತ ಸಾಮಾನ್ಯವಾಗಿ ಆಗುವ ಏರಿಳಿತದ ಅಳತೆ) ದಾಟಿದರೆ ಅದು ಆಕಸ್ಮಿಕ ಅಲ್ಲ, ವ್ಯವಸ್ಥೆಯಲ್ಲೇ ಏನೋ ವಾಲಿದೆ ಅಂತ ಅರ್ಥ. 1981ರಲ್ಲಿ ವೆಸ್ಟ್‌ಗಾರ್ಡ್ ಎಂಬ ಲ್ಯಾಬ್ ತಜ್ಞರು ಬರೆದಿಟ್ಟ ನಿಯಮಗಳಲ್ಲಿ ಇದೂ ಒಂದು.

ಆಕೆ ಒಂದು ಚುಕ್ಕಿ. ಸಮಾಧಾನದ ಮನುಷ್ಯ ಎರಡನೇ ಚುಕ್ಕಿ. ಒಂದೇ ಕಡೆ.

ಮಾರನೇ ದಿನದಿಂದ ಒಂದು ನೋಟ್‌ಬುಕ್ ಇಟ್ಟೆ. ಲ್ಯಾಬಿನಲ್ಲಿ ಯಾರ ನಡುವೆ ಮಾತು ಬಿಸಿಯಾದರೂ ನಾಲ್ಕು ವಿಷಯ ಬರೆದುಕೊಳ್ಳುವುದು. ಎಷ್ಟು ಗಂಟೆ, ಯಾವ ಜಾಗ, ಅದಕ್ಕೆ ಮುಂಚೆ ಏನು ನಡೆಯುತ್ತಿತ್ತು, ಆಗ ಯಾವ ಕೆಲಸ ಬಾಕಿ ಇತ್ತು. ಯಾರ ತಪ್ಪು ಅನ್ನುವ ಕಾಲಂ ಬೇಕಂತಲೇ ಬಿಟ್ಟೆ. ಆ ಕಾಲಂ ಇದ್ದಿದ್ದರೆ ಮೊದಲ ದಿನವೇ ತುಂಬಿಬಿಡುತ್ತಿದ್ದೆ.

ಮೂರು ವಾರದಲ್ಲಿ 11 ಘಟನೆ. ಅದರಲ್ಲಿ 9 ಬೆಳಗ್ಗೆ 7:45ರಿಂದ 8:45ರ ಒಳಗೆ. ಎಲ್ಲವೂ ಬಯೋಕೆಮಿಸ್ಟ್ರಿ ಯಂತ್ರದ ಎದುರೇ. ಉಳಿದ ದಿನವಿಡೀ ಹಿರಿಯರು ಗೊಣಗುತ್ತಾರೆ ಹೌದು, ಆದರೆ ಕೂಗುವುದಿಲ್ಲ. ಮಧ್ಯಾಹ್ನ ಹೊಸಬರಿಗೆ ತಾಳ್ಮೆಯಿಂದ ಪಿಪೆಟ್ ಹಿಡಿಯುವುದನ್ನೂ ಕಲಿಸುತ್ತಾರೆ. ಇದು ನನಗೆ ಗೊತ್ತೇ ಇರಲಿಲ್ಲ, ಯಾಕೆಂದರೆ ಅದರ ಬಗ್ಗೆ ದೂರು ಬರುವುದಿಲ್ಲವಲ್ಲ.

ಇನ್ನೊಬ್ಬರು ಸಿಡುಕಿದರೆ ಅವರ ಸ್ವಭಾವವೇ ಹಾಗೆ, ನಾನು ಸಿಡುಕಿದರೆ ಆವತ್ತು ನನಗೆ ಕೆಲಸ ಜಾಸ್ತಿ ಇತ್ತು. ಮನುಷ್ಯರ ಈ ಲೆಕ್ಕಾಚಾರದಲ್ಲಿನ ತಪ್ಪಿಗೆ ಲೀ ರಾಸ್ ಎಂಬ ಮನಃಶಾಸ್ತ್ರಜ್ಞರು 1977ರಲ್ಲಿ ಒಂದು ಹೆಸರನ್ನೇ ಕೊಟ್ಟರು. ಎದುರಿನವರ ಸುತ್ತಲಿನ ಪರಿಸ್ಥಿತಿ ನಮ್ಮ ಕಣ್ಣಿಗೆ ಬೀಳುವುದಿಲ್ಲ, ಮನುಷ್ಯ ಮಾತ್ರ ಬೀಳುತ್ತಾನೆ. ನನ್ನ ನೋಟ್‌ಬುಕ್ಕಿನಲ್ಲಿ ಈಗ ಪರಿಸ್ಥಿತಿ ಸಿಕ್ಕಿತ್ತು. ಅದು ಬೆಳಗಿನ ಒಂದು ಗಂಟೆಯ ಒಳಗೆ ಎಲ್ಲೋ ಅಡಗಿತ್ತು.

ಐದು ದಿನ ಬೆಳಗ್ಗೆ 6:30ಕ್ಕೇ ಹೋಗಿ ಮೂಲೆಯಲ್ಲಿ ಕೂತೆ.

ಕಂಡದ್ದು ಇಷ್ಟು. 7 ಗಂಟೆಯಿಂದ ಖಾಲಿಹೊಟ್ಟೆಯ ಸ್ಯಾಂಪಲ್ಲುಗಳು ಬಂದು ಬೀಳುತ್ತವೆ. ರಾತ್ರಿಯವರು ಒಬ್ಬರೇ ಅವನ್ನು ತೆಗೆದುಕೊಂಡು, ನಂಬರ್ ಹಾಕಿ, ರಕ್ತವನ್ನು ಗಿರಗಿರ ತಿರುಗಿಸಿ ಸೀರಂ ಬೇರ್ಪಡಿಸುವ ಸೆಂಟ್ರಿಫ್ಯೂಜಿಗೆ ಇಡುತ್ತಾರೆ. ಆದರೆ ಯಂತ್ರ ಸ್ಯಾಂಪಲ್ ಓಡಿಸುವ ಮೊದಲು ಆ ದಿನದ ಕಂಟ್ರೋಲ್ ಆಗಿರಬೇಕು. ಎರಡು ಹಂತದ ಕಂಟ್ರೋಲ್, ರೀಏಜೆಂಟ್ ನೋಡುವುದು, ತೊಳೆಯುವುದು, ಎಲ್ಲ ಸೇರಿ ಮುಕ್ಕಾಲು ಗಂಟೆ. ಅದನ್ನು ಯಾರೂ ಮಾಡಿರುವುದಿಲ್ಲ. 8 ಗಂಟೆಗೆ ರಾತ್ರಿಯವರು ಕೈ ತೊಳೆದು ಹೊರಡುತ್ತಾರೆ. ಹಿರಿಯರು ಬಂದು ನೋಡಿದರೆ ಯಂತ್ರ ತಣ್ಣಗಿದೆ, ರ‍್ಯಾಕ್ ತುಂಬಿದೆ, ಫೋನ್ ಬಡಿದುಕೊಳ್ಳುತ್ತಿದೆ. "ರಿಪೋರ್ಟ್ ಎಲ್ಲಿ?" ಆ ಫೋನ್ ಎತ್ತುವವರು ಅವರೇ.

ಹಿರಿಯರ ಪ್ರಕಾರ ಕಂಟ್ರೋಲ್ ಹಾಕದೆ ಹೋಗುವುದು ಸೋಮಾರಿತನ. ರಾತ್ರಿಯವರ ಪ್ರಕಾರ ಅದು ಬೆಳಗಿನವರ ಕೆಲಸ, ಯಾವತ್ತಿನಿಂದಲೂ ಹಾಗೇ ಇದೆ. ಕೆಲಸಗಳ ಪಟ್ಟಿ ತೆಗೆದು ನೋಡಿದೆ. ಬೆಳಗಿನ ಕಂಟ್ರೋಲ್ ಯಾರದು ಅಂತ ಎಲ್ಲೂ ಬರೆದಿಲ್ಲ.

ಹಾಗಾದರೆ ಇಷ್ಟು ವರ್ಷ ಮಾಡಿದ್ದು ಯಾರು? ಹಾಜರಿಯ ಹಳೆಯ ದಾಖಲೆ ತೆಗೆಸಿದೆ. ವರ್ಷಗಟ್ಟಲೆ ಹಿರಿಯರು ಬೆಳಗ್ಗೆ 7:10, 7:15ಕ್ಕೆ ಬಂದಿದ್ದಾರೆ. ಎಂಟು ತಿಂಗಳ ಹಿಂದೆ ಒಂದು ದಿನದಿಂದ ಇದ್ದಕ್ಕಿದ್ದ ಹಾಗೆ 8ಕ್ಕೆ ಬರುತ್ತಿದ್ದಾರೆ.

ಆ ದಿನಾಂಕ ನೋಡಿದಾಗ ಎದೆ ಧಸಕ್ ಅಂತು. ಕೆಲವರು ಬೇಗ ಬಂದು ಬೇಗ ಹೋಗುತ್ತಾರೆ, ಮಧ್ಯಾಹ್ನ ಬೆಂಚ್ (ಲ್ಯಾಬಿನ ಕೆಲಸದ ಮೇಜು) ಖಾಲಿ ಇರುತ್ತದೆ ಅಂತ ಆಗ ದೂರು ಬಂದಿತ್ತು. ಯಾರೂ 7:50ಕ್ಕಿಂತ ಮುಂಚೆ ಹಾಜರಿ ಹಾಕಬಾರದು ಅಂತ ಒಂದು ಸುತ್ತೋಲೆ ಹೊರಟಿತ್ತು. ಅದರ ಕೆಳಗಿನ ಸಹಿ ನನ್ನದು.

ಹಿರಿಯರ ಜೊತೆ

ಮಾತಿಗೆ ಅವರನ್ನು ನನ್ನ ಕೋಣೆಗೆ ಕರೆಯಲಿಲ್ಲ. ಸ್ಟೋರಿನಲ್ಲಿ ಅವರ ಪಕ್ಕ ಕೂತೆ. ಸುತ್ತೋಲೆ ತೋರಿಸಿ, ಇದು ನನ್ನಿಂದ ಆದದ್ದು ಅಂದೆ. ಅವರು ತುಂಬಾ ಹೊತ್ತು ಕಾಗದ ನೋಡಿದರು.

"ನಾನು ಅವತ್ತೇ ಹೇಳಿದ್ದೆ ಸರ್. ಬೆಳಗಿನ ಕಂಟ್ರೋಲ್ ಕಷ್ಟ ಆಗುತ್ತೆ ಅಂತ. ನೋಡೋಣ ಅಂದ್ರಿ."

ನನಗೆ ನೆನಪೇ ಇರಲಿಲ್ಲ. ಕಾರಿಡಾರಿನಲ್ಲಿ ನಡೆಯುತ್ತಾ ಹೇಳಿರಬೇಕು, ನಾನು ನಡೆಯುತ್ತಲೇ ಉತ್ತರ ಕೊಟ್ಟಿರಬೇಕು. ನಾನು ಕ್ಷಮೆ ಕೇಳಿದೆ. ಅಲ್ಲಿಗೆ ನಿಲ್ಲಿಸಿಬಿಡುವ ಆಸೆ ಬಹಳ ಇತ್ತು. ತಪ್ಪು ನನ್ನದು ಅಂತ ಗೊತ್ತಾದ ಮೇಲೆ ಇನ್ನು ಅವರಿಗೆ ಹೇಳುವುದೇನು ಅನ್ನಿಸಿತು. ಈ ಪ್ರಕರಣದಲ್ಲಿ ನಾನು ತೆಗೆದುಕೊಂಡ ಕಷ್ಟದ ನಿರ್ಧಾರ ಯಾವುದು ಅಂದರೆ ಅಲ್ಲಿ ನಿಲ್ಲಿಸದೆ ಇದ್ದದ್ದು.

"ಒಂದು ಮಾತು ಬೇರೆ ಇದೆ ಸರ್. ಆ ಮಂಗಳವಾರ ಬೆಳಗ್ಗೆ, ಯಂತ್ರದ ಹತ್ತಿರ, ಐದು ಜನರ ಎದುರು, ಕಣ್ಣು ಮನೆಯಲ್ಲಿ ಬಿಟ್ಟು ಬಂದಿದ್ಯಾ ಅಂತ ಕೇಳಿದಿರಿ. ಅದಾದ ಮೇಲೆ ಆಕೆ ಅನುಮಾನದ ಸ್ಯಾಂಪಲ್ ಬಂದರೆ ರಿಜಿಸ್ಟರಿನಲ್ಲಿ ಬರೆಯುತ್ತಿಲ್ಲ. ಸದ್ದಿಲ್ಲದೆ ಮತ್ತೆ ಓಡಿಸಿ ಸರಿ ಬಂದದ್ದನ್ನು ಕಳಿಸುತ್ತಿದ್ದಾರೆ."

ಸಂದರ್ಭ, ನಡೆದದ್ದು, ಅದರ ಪರಿಣಾಮ. ಈ ಮೂರೇ. "ನೀವು ಒರಟು" ಅನ್ನುವ ಪದ ನನ್ನ ಬಾಯಿಯಿಂದ ಬರದ ಹಾಗೆ ಮನೆಯಲ್ಲಿ ಎರಡು ಸಲ ಹೇಳಿಕೊಂಡು ಬಂದಿದ್ದೆ. ಒರಟು ಅಂದಿದ್ದರೆ ಅವರು ಅದನ್ನು ಅಲ್ಲಗಳೆಯುತ್ತಿದ್ದರು, ನಾನು ಸಾಬೀತು ಮಾಡಲು ಹೊರಡುತ್ತಿದ್ದೆ. ಆ ದಿನ ಆ ಮಾತು ಆಡಿದ್ದನ್ನು ಅಲ್ಲಗಳೆಯಲು ಬರುವುದಿಲ್ಲ.

"ತಪ್ಪು ತಪ್ಪೇ ಅಲ್ವಾ ಸರ್? ಆ ಪೊಟ್ಯಾಸಿಯಂ ನಂಬಿ ಡಾಕ್ಟರು ಔಷಧಿ ಕೊಟ್ಟಿದ್ದರೆ?"

"ತಪ್ಪೇ. ಅದನ್ನು ಹೇಳಬೇಕು. ಹೇಳುವ ರೀತಿಯಿಂದ ಮುಂದಿನ ತಪ್ಪು ನಮಗೆ ಕಾಣದ ಹಾಗೆ ಆಗಿದೆ, ಅದು ನನ್ನ ಚಿಂತೆ."

ಅವರು ಒಪ್ಪಲಿಲ್ಲ. ತಲೆ ಅಲ್ಲಾಡಿಸಿ ಎದ್ದು ಹೋದರು. ಆದರೆ ಆಕೆ ರಿಜಿಸ್ಟರಿನಲ್ಲಿ ಬರೆಯುತ್ತಿಲ್ಲ ಅನ್ನುವುದು ಅವರ ತಲೆಗೆ ಹೊಕ್ಕಿತ್ತು. ಮರುದಿನ ಬಂದು, "ಎಷ್ಟು ದಿನದಿಂದ ಬರೀತಿಲ್ಲ?" ಅಂತ ಕೇಳಿದರು. ಕೋಪದಿಂದ ಅಲ್ಲ.

ಇಲ್ಲಿ ಒಂದು ಹಳೆಯ ಅಧ್ಯಯನ ನೆನಪಾಗುತ್ತದೆ. ಏಮಿ ಎಡ್ಮಂಡ್ಸನ್ ಎಂಬ ಸಂಶೋಧಕಿ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ನೋಡಿದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರಬೇಕು ಅನ್ನುವುದು ಅವರ ಊಹೆ. ಸಿಕ್ಕಿದ್ದು ಉಲ್ಟಾ. ಒಳ್ಳೆಯ ತಂಡಗಳಲ್ಲೇ ಜಾಸ್ತಿ ತಪ್ಪು ದಾಖಲಾಗಿತ್ತು. ಅವರು ಹೆಚ್ಚು ತಪ್ಪು ಮಾಡುತ್ತಿದ್ದರು ಅಂತಲ್ಲ, ಹೇಳಿಕೊಳ್ಳಲು ಹೆದರುತ್ತಿರಲಿಲ್ಲ. ನಮ್ಮ ರಿಜಿಸ್ಟರ್ ಆ ಎರಡು ತಿಂಗಳು ಬಹಳ ಸ್ವಚ್ಛವಾಗಿತ್ತು. ನಾನು ಅದನ್ನು ನೋಡಿ ಖುಷಿಪಟ್ಟಿದ್ದೆ.

ಆಕೆಯ ಜೊತೆಗಿನ ಮಾತು ಬೇಗ ಮುಗಿಯಿತು. ಸುತ್ತೋಲೆಯ ಕಥೆ ಹೇಳಿದೆ. ಕ್ಯಾಲ್ಸಿಯಂ ತಡೆದದ್ದು ಸರಿ ಅಂತ ತಡವಾಗಿಯಾದರೂ ಹೇಳಿದೆ. ಯಂತ್ರದ ಗುರುತು ನೋಡದೆ ಫೋನ್ ಮಾಡಿದ್ದು, ಆಮೇಲೆ ಬರೆಯದೆ ಬಿಟ್ಟದ್ದು, ಎರಡೂ ನಿಲ್ಲಬೇಕು ಅಂದೆ. ಆಕೆ ವಾದ ಮಾಡಲಿಲ್ಲ. "ಅವರ ಎದುರು ಕೂತು ಮಾತಾಡೋಕೆ ನಾನು ರೆಡಿ ಸರ್. ಆದರೆ ನೀವು ಇಬ್ಬರಿಗೂ ಒಂದೇ ಮಾತು ಹೇಳಬೇಕು," ಅಂದರು. ಆ ಪೆಟ್ಟು ನನಗೆ ಬೀಳಬೇಕಾದದ್ದೇ.

ಮೂವರೂ ಒಂದೇ ಮೇಜಿಗೆ

ಜಗಳದ ಬಗ್ಗೆ ಮಾತಾಡುವುದಿಲ್ಲ ಅಂತ ಮೊದಲೇ ನಿರ್ಧರಿಸಿದ್ದೆ. ಯಾರೂ ಯಾರಿಗೂ ಕ್ಷಮೆ ಕೇಳುವುದೂ ಬೇಡ. ಬಲವಂತದ ಕ್ಷಮೆ ಒಂದು ಹೊಸ ಅವಮಾನ, ಅಷ್ಟೇ. ಇಬ್ಬರ ಮುಂದೆ ಒಂದೊಂದು ಹಾಳೆ ಇಟ್ಟು ಒಂದೇ ಪ್ರಶ್ನೆ ಕೇಳಿದೆ. "ಬೆಳಗ್ಗೆ 8 ಗಂಟೆಗೆ ಯಂತ್ರ ಯಾವ ಸ್ಥಿತಿಯಲ್ಲಿ ಇರಬೇಕು? ಬರೆಯಿರಿ."

ಇಬ್ಬರೂ ಏಳೇಳು ಅಂಶ ಬರೆದರು. ಪಕ್ಕಪಕ್ಕ ಇಟ್ಟು ನೋಡಿದರೆ ಆರು ಒಂದೇ. ಇಬ್ಬರಿಗೂ ಇದು ನಗು ತರಿಸಿತು, ಆದರೆ ಇಬ್ಬರೂ ನಗಲಿಲ್ಲ.

ಏಳನೆಯದು ಕಂಟ್ರೋಲ್. ಅಲ್ಲಿ ಕೆಟ್ಟಿತು. ಹಿರಿಯರು, "ಈಗಿನವರಿಗೆ ಗಡಿಯಾರ ಒಂದೇ ಕಾಣೋದು," ಅಂದರು. ಆಕೆ ಕುರ್ಚಿ ಹಿಂದೆ ತಳ್ಳಿ ಎದ್ದರು. ನನಗೆ ಗಂಟಲು ಒಣಗಿತು. ಸಭೆ ಮುಂದೂಡೋಣ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಮುಂದೂಡಿದರೆ ಮತ್ತೆ ಬಾಗಿಲು, ಮತ್ತೆ ಸರದಿ. ಹತ್ತು ನಿಮಿಷ ಬಿಡುವು ಕೊಟ್ಟೆ. ಹಾಳೆಗಳನ್ನು ಮೇಜಿನ ಮೇಲೇ ಬಿಟ್ಟೆ. ವಾಪಸ್ ಬಂದಾಗ ಪ್ರಶ್ನೆ ಬದಲಿಸಿದೆ. ಕಂಟ್ರೋಲ್ ಯಾರು ಮಾಡಬೇಕು ಅಂತ ಕೇಳಲಿಲ್ಲ. "ಇನ್ನೊಬ್ಬರು ಮಾಡಿದರೆ ನಿಮಗೆ ಆಗುವ ತೊಂದರೆ ಏನು?"

ಹಿರಿಯರ ಉತ್ತರ: "ನಾನು ಕಣ್ಣಾರೆ ನೋಡದ ಕಂಟ್ರೋಲಿನ ಮೇಲೆ ರಿಪೋರ್ಟಿಗೆ ಸಹಿ ಹಾಕೋಕೆ ಆಗಲ್ಲ." ಆಕೆಯ ಉತ್ತರ: "ಕಂಟ್ರೋಲ್ ಹಾಕೋದು ಕಷ್ಟ ಅಲ್ಲ. ಅದು ಫೇಲ್ ಆದರೆ 9 ಗಂಟೆಯವರೆಗೆ ಸಿಕ್ಕಿಕೊಳ್ಳುತ್ತೇನೆ, ಅದು ಕಷ್ಟ."

ಮೇರಿ ಪಾರ್ಕರ್ ಫಾಲೆಟ್ ಎಂಬ ಆಡಳಿತ ಚಿಂತಕಿ 1925ರಲ್ಲಿ ಸಂಘರ್ಷದ ಬಗ್ಗೆ ಬರೆಯುವಾಗ ತಮ್ಮದೇ ಒಂದು ಸಣ್ಣ ಅನುಭವ ಹೇಳಿದ್ದರು. ಹಾರ್ವರ್ಡ್ ಗ್ರಂಥಾಲಯದ ಒಂದು ಚಿಕ್ಕ ಕೋಣೆ. ಒಬ್ಬರಿಗೆ ಕಿಟಕಿ ತೆರೆದಿರಬೇಕು, ಇವರಿಗೆ ಮುಚ್ಚಿರಬೇಕು. ಕೊನೆಗೆ ಯಾರೂ ಇಲ್ಲದ ಪಕ್ಕದ ಕೋಣೆಯ ಕಿಟಕಿ ತೆರೆದರು. ಅವರಿಗೆ ಬೇಕಿದ್ದದ್ದು ಗಾಳಿ, ಆ ಕಿಟಕಿಯೇ ಅಲ್ಲ. ಇವರಿಗೆ ಬೇಡವಾಗಿದ್ದದ್ದು ಉತ್ತರದಿಂದ ನೇರವಾಗಿ ಮೈಮೇಲೆ ಬೀಸುವ ಗಾಳಿ ಮಾತ್ರ. ಅರ್ಧ ಕಿಟಕಿ ತೆರೆದು ರಾಜಿ ಮಾಡಿದ್ದರೆ ಇಬ್ಬರೂ ಅರ್ಧರ್ಧ ಗೊಣಗುತ್ತಿದ್ದರು. ನಾನು ಡ್ಯೂಟಿ ಚಾರ್ಟ್ ಬದಲಿಸಿದಾಗ ಮಾಡಿದ್ದೂ ಆ ಅರ್ಧ ಕಿಟಕಿಯ ಕೆಲಸವೇ.

ನಮ್ಮ ಪಕ್ಕದ ಕಿಟಕಿಯನ್ನು ಕಂಡುಹಿಡಿದದ್ದು ಆಕೆ. ಯಂತ್ರ 6:30ರಿಂದ 7ರವರೆಗೆ ಖಾಲಿ ಇರುತ್ತದೆ. ಆಗಲೇ ರಾತ್ರಿಯವರು ಕಂಟ್ರೋಲ್ ಇಟ್ಟು ಗುಂಡಿ ಒತ್ತಿಬಿಡುವುದು. ಸರಿ ತಪ್ಪು ತೀರ್ಮಾನಿಸುವುದು ಬೆಳಗಿನವರು. ಫೇಲ್ ಆದರೆ ಮುಂದಿನದೂ ಅವರದ್ದೇ. ಅದಕ್ಕೆ ನಾನು ನನ್ನ ಪಾಲು ಸೇರಿಸಿದೆ. ಬೆಳಗಿನ ಒಬ್ಬರ ಪಾಳಿಯನ್ನು ಅಧಿಕೃತವಾಗಿ 7:30ಕ್ಕೆ ತಂದೆ, ಅವರು ಮಧ್ಯಾಹ್ನ ಅರ್ಧ ಗಂಟೆ ಮುಂಚೆ ಹೊರಡಬಹುದು, ಆ ಹೊತ್ತಿಗೆ ಬೆಂಚಿನಲ್ಲಿ ಬೇರೆಯವರ ಹೆಸರು ಇರುತ್ತದೆ. ಹ್ಯಾಂಡೋವರ್ ಯಂತ್ರದ ಎದುರು ನಿಂತುಕೊಂಡೇ, ಐದು ಸಾಲಿನ ಒಂದು ಹಾಳೆ ಹಿಡಿದು. ಕೊನೆಯ ಸಾಲಿನ ಹೆಸರು "ಅನುಮಾನ". ಅದನ್ನು ಖಾಲಿ ಬಿಡುವ ಹಾಗಿಲ್ಲ. ಅನುಮಾನ ಇಲ್ಲದಿದ್ದರೆ ಇಲ್ಲ ಅಂತ ಬರೆಯಬೇಕು.

ಎದ್ದೇಳುವಾಗ ಆಕೆ ಒಂದು ಮಾತು ಕೇಳಿದರು. "ಲ್ಯಾಬಿನೊಳಗೆ ನನ್ನನ್ನು ನೀವು ಅಂತ ಕರೀತೀರಾ ಸರ್?" ಹಿರಿಯರು ನಿಜಕ್ಕೂ ಪೆಚ್ಚಾದರು. "ಮಗಳ ವಯಸ್ಸಿನವಳು. ನೀವು ಅಂದ್ರೆ ಹೊರಗಿನವರ ಹಾಗಲ್ವಾ?" ಅವರ ಬಾಯಲ್ಲಿ ಆ "ನೋಡಮ್ಮ" ಇಷ್ಟು ದಿನ ಸಲುಗೆಯಾಗಿತ್ತು. ಆಕೆಯ ಕಿವಿಯಲ್ಲಿ ಅದು ಸಸಾರವಾಗಿತ್ತು. ಒಪ್ಪಿಕೊಂಡರು. ಮುಂದೆ ಒಂದು ತಮಾಷೆಯಾಯಿತು. ಅವರು ತುಂಬಾ ಸ್ಪಷ್ಟವಾಗಿ "ನೀವು" ಅಂದರೆ ಕೋಪ ಬಂದಿದೆ ಅಂತ ಇಡೀ ಲ್ಯಾಬಿಗೆ ಗೊತ್ತಾಗುತ್ತಿತ್ತು.

ಆಮೇಲೆ

ಆಕೆ ರಾತ್ರಿ ಪಾಳಿಗೆ ಮರಳಿದರು. ನೋಟ್‌ಬುಕ್ ಇನ್ನೂ ಆರು ವಾರ ಇಟ್ಟೆ. ಘಟನೆ ಎರಡು. ಒಂದರಲ್ಲಿ ಸಿಡುಕಿದ್ದು ನಾನು.

ರಿಜಿಸ್ಟರಿನಲ್ಲಿ ತಪ್ಪುಗಳು ಜಾಸ್ತಿಯಾದವು. ಮೊದಲ ತಿಂಗಳು ಮೇಲಿನವರು ಕೇಳಿದರು, ಇದೇನು ಒಮ್ಮೆಲೇ ಇಷ್ಟು ಸ್ಯಾಂಪಲ್ ವಾಪಸ್ ಹೋಗುತ್ತಿವೆ ಅಂತ. ವಿವರಿಸಿದೆ. ಬಹಳಷ್ಟು ಕೆಂಪು ಸ್ಯಾಂಪಲ್ಲುಗಳು ಒಂದೇ ವಾರ್ಡಿನಿಂದ ಬರುತ್ತಿದ್ದವು. ಅಲ್ಲಿ ರಕ್ತ ತೆಗೆಯುವವರಿಗೆ ಮತ್ತೆ ತೋರಿಸಿಕೊಟ್ಟು ಬಂದವರು ಹಿರಿಯರು. ಅಲ್ಲಿ ಹೇಗೆ ಮಾತಾಡಿದರೋ ನಾನು ಕೇಳಲಿಲ್ಲ.

ಮೂರನೇ ತಿಂಗಳು ಅವರು ಮತ್ತೆ ಕೂಗಿದರು. ಈ ಸಲ ಹೊಸದಾಗಿ ಸೇರಿದ ಹುಡುಗನ ಮೇಲೆ, ಮತ್ತೆ ಎಲ್ಲರ ಎದುರು. ಈ ಸಲ ಹ್ಯಾಂಡೋವರ್ ಸರಿಯಿತ್ತು, ಯಂತ್ರ ಸರಿಯಿತ್ತು, ನೆಪ ಯಾವುದೂ ಇರಲಿಲ್ಲ. ಅದೇ ದಿನ ಸಂಜೆಯೊಳಗೆ ಕರೆದು, ಮೊದಲು ಹೇಳಿದ್ದನ್ನು ನೆನಪಿಸಿ, ಲಿಖಿತ ಎಚ್ಚರಿಕೆ ಕೊಟ್ಟೆ. ನಾಲ್ಕು ದಿನ ಅವರು ನನ್ನ ಜೊತೆ ಮಾತಾಡಲಿಲ್ಲ. ಆದರೆ ಹ್ಯಾಂಡೋವರ್ ಹಾಳೆಯ ಐದೂ ಸಾಲು ಆ ನಾಲ್ಕು ದಿನವೂ ತುಂಬಿತ್ತು. ಮೆಮೊ ಕೊಟ್ಟಾಗಿನ ಮೌನಕ್ಕೂ ಇದಕ್ಕೂ ಇದ್ದ ವ್ಯತ್ಯಾಸ ಇದೇ. ಅದಾದ ಮೇಲೆ ಕೂಗು ಕೇಳಿಲ್ಲ. ಗೊಣಗಾಟ ಇದೆ.

ಇಬ್ಬರೂ ಸ್ನೇಹಿತರಾಗಲಿಲ್ಲ. ಎಂಟು ತಿಂಗಳ ನಂತರ ಆಕೆ ಮೈಕ್ರೋಬಯಾಲಜಿಗೆ ಹೋದರು, ಕಲಿಯುವ ಆಸೆಯಿಂದ ಅಂತ ಹೇಳಿದರು. ನಾನು ನಂಬಿದೆ. ಪೂರ್ತಿ ನಂಬಿದೆನಾ ಅಂತ ಕೇಳಬೇಡಿ.

ಇದರಿಂದ ನಾನು ಎತ್ತಿಕೊಂಡದ್ದು

ಜಗಳವನ್ನು ನಿಭಾಯಿಸುವ ರೀತಿಗಳನ್ನು ಥಾಮಸ್ ಮತ್ತು ಕಿಲ್‌ಮನ್ ಎಂಬ ಇಬ್ಬರು ಸಂಶೋಧಕರು 1974ರಲ್ಲಿ ಐದು ಅಂತ ವಿಂಗಡಿಸಿದರು. ದೂರ ಸರಿಯುವುದು, ಬಿಟ್ಟುಕೊಡುವುದು, ಪಟ್ಟು ಹಿಡಿಯುವುದು, ಅರ್ಧಕ್ಕರ್ಧ ಒಪ್ಪುವುದು, ಕೂಡಿ ಬಗೆಹರಿಸುವುದು. ನಾನು ಮೊದಲ ನಾಲ್ಕನ್ನೂ ಸಾಲಾಗಿ ಬಳಸಿ ಸುಸ್ತಾದ ಮೇಲೆ ಐದನೆಯದಕ್ಕೆ ಬಂದೆ. ಐದನೆಯದೇ ಯಾವಾಗಲೂ ಸರಿ ಅಂತ ಅಲ್ಲ. ಮೂರನೇ ತಿಂಗಳಿನ ಕೂಗಿಗೆ ಪಟ್ಟು ಹಿಡಿದದ್ದೇ ಸರಿಯಾಗಿತ್ತು. ಮೊದಲ ಮೆಮೊ ಕೆಲಸ ಮಾಡಲಿಲ್ಲ, ಎರಡನೇ ಎಚ್ಚರಿಕೆ ಮಾಡಿತು. ಎರಡರಲ್ಲೂ ಇದ್ದ ಮಾತು ಹೆಚ್ಚು ಕಡಿಮೆ ಒಂದೇ. ಮೊದಲನೆಯದನ್ನು ಕೊಟ್ಟಾಗ ನನ್ನ ಪಾಲಿನ ಕೆಲಸ ನಾನು ಮಾಡಿರಲಿಲ್ಲ.

ಯಾರನ್ನಾದರೂ ಕಷ್ಟದ ಮನುಷ್ಯ ಅಂತ ಕರೆಯುವ ಮೊದಲು ಈಗ ಒಂದು ಪರೀಕ್ಷೆ ಮಾಡುತ್ತೇನೆ. ಅವರ ಎದುರಿನವರನ್ನು ಬದಲಿಸಿದರೂ ಜಗಳ ಉಳಿಯುತ್ತದಾ? ಅವರನ್ನೇ ಅಲ್ಲಿಂದ ತೆಗೆದರೂ ಉಳಿಯುತ್ತದಾ? ಎರಡನೆಯದನ್ನು ನಾನು ಆಗ ಮಾಡಿ ನೋಡಲಿಲ್ಲ. ಹಿರಿಯರು ಒಂದು ವಾರ ರಜೆ ಹಾಕಿದ್ದಾಗಲೂ 8 ಗಂಟೆಗೆ ಬೇರೆಯವರ ನಡುವೆ ಮಾತು ಬಿಸಿಯಾಗಿತ್ತು ಅಂತ ಆಮೇಲೆ ಗೊತ್ತಾಯಿತು. ನನಗೆ ಯಾರೂ ಹೇಳಿರಲಿಲ್ಲ. ಆ ಬೇರೆಯವರ ಹಣೆಯ ಮೇಲೆ ಚೀಟಿ ಇರಲಿಲ್ಲವಲ್ಲ.

ಒಬ್ಬೊಬ್ಬರನ್ನೇ ಕರೆದು ಕೇಳುವುದನ್ನು ನಾನು ಬಿಟ್ಟಿಲ್ಲ. ಕೆಲವು ಮಾತು ಮೂವರ ಎದುರು ಬರುವುದಿಲ್ಲ. ಆದರೆ ಈಗ ಮೊದಲೇ ಹೇಳಿಬಿಡುತ್ತೇನೆ, "ನಿಮಗೆ ಏನು ಹೇಳುತ್ತೇನೋ ಅವರಿಗೂ ಅದನ್ನೇ ಹೇಳುತ್ತೇನೆ." ಬರುವವರ ಸಂಖ್ಯೆ ಅರ್ಧಕ್ಕೆ ಇಳಿದಿದೆ.

ಆ ಮೊದಲ ಮೆಮೊ ಏನಾಯಿತು ಅಂತ ಹಿರಿಯರು ಒಮ್ಮೆ ಕೇಳಿದರು. ಹರಿದು ಹಾಕುತ್ತೀರಾ ಅಂತ ನೇರವಾಗಿ ಕೇಳಲಿಲ್ಲ, ಆದರೆ ಕೇಳಿದ್ದು ಅದನ್ನೇ. ಎರಡು ದಿನ ಯೋಚಿಸಿದೆ. ಅವರು ಆ ಮಾತು ಆಡಿದ್ದು ನಿಜ, ಹಾಗಾಗಿ ಅದನ್ನು ತೆಗೆಯಲಿಲ್ಲ. ಅವರ ಫೈಲಿನಲ್ಲಿ ಅದರ ಹಿಂದೆಯೇ ಇನ್ನೊಂದು ಹಾಳೆ ಸೇರಿಸಿದೆ. ನನ್ನ ಸುತ್ತೋಲೆಯ ಪ್ರತಿ, ಅದರ ದಿನಾಂಕ, ಅದರಿಂದ ಬೆಳಗಿನ ಕಂಟ್ರೋಲ್ ಹೇಗೆ ನಿಂತುಹೋಯಿತು ಅನ್ನುವ ನಾಲ್ಕು ಸಾಲು, ಕೆಳಗೆ ನನ್ನ ಸಹಿ. ಅವರಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಓದಿದರು. "ಹಾಜರಿ ಸಮಯ 7:15 ಅಲ್ಲ ಸರ್, 7:10," ಅಂದರು. ತಿದ್ದಿಕೊಟ್ಟೆ.